ಕೊಂಡ ಗುಂಡು, ಎರೆದ ಗುಂಡು

ನಮ್ಮ ಮನೆಗೆ ಯಾರೇ ಬಂದರೂ ಅಮ್ಮ ಮೊದಲು ತೋರಿಸುತ್ತಿದ್ದದ್ದು ಕೈ ತೊಳೆಯುವ ಬೇಸಿನ್ನು. ಆಮೇಲೆ ಕುರ್ಚಿ, ಆಮೇಲೆ ಕಾಫಿ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಟ್ರಾಮಿನ ಕೊನೆಯ ನಿಲ್ದಾಣದಲ್ಲಿ ಇಳಿದು, ಗುಡ್ಡದ ಏರು ಹತ್ತಿ, ಏದುಸಿರು ಬಿಡುತ್ತ ನಮ್ಮ ಸಾಲುಮನೆಯ ಬಾಗಿಲಿಗೆ ಬಂದವರು ಒಂದು ಲೋಟ ನೀರು ಸಿಕ್ಕೀತೆಂದು ನೋಡುತ್ತಿದ್ದರೆ ಅಮ್ಮ 'ಮೊದಲು ಕೈ' ಅನ್ನುವಳು. ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳಲ್ಲವೇ, ಸ್ವಲ್ಪ ಮಡಿ ಜಾಸ್ತಿ ಎಂದು ಜನ ನಗುತ್ತಿದ್ದರು. ನಿಜವಾದ ಕಾರಣ ನೆಲಮಾಳಿಗೆಯಲ್ಲಿತ್ತು. ಅಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ, ನನ್ನ ಅಪ್ಪ ಪ್ರತಿ ಶನಿವಾರ ಸೀಸ ಕರಗಿಸಿ ಬಂದೂಕಿಗೆ ಗುಂಡು ಎರೆಯುತ್ತಿದ್ದ. ನಾನು ಹತ್ತು ವರ್ಷದವಳು, ಅವನ ಏಕೈಕ ಸಹಾಯಕಿ, ಮತ್ತು ನನ್ನಷ್ಟು ಜಂಬದ ಹುಡುಗಿ ಆ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಅಪ್ಪ ವಿರಾಜಪೇಟೆ ಕಡೆಯ ಕೊಡವ, ಅಮ್ಮ ಧಾರವಾಡದವಳು. ಅವನು ಹಂದಿ ತಿನ್ನುವವನು, ಅವಳು ಮೊಟ್ಟೆ ಮುಟ್ಟಿದ ಚಮಚವನ್ನೂ ಬೇರೆ ಇಡುವವಳು. ಹಾಗಾಗಿ ಅಡುಗೆಮನೆ ಪೂರ್ತಿ ಅಮ್ಮನದು, ಜೋಳದ ರೊಟ್ಟಿ ಮತ್ತು ಎಣ್ಣೆಗಾಯಿಯದು. ಅಪ್ಪನ ಪಂದಿ ಕರಿ ಹಿತ್ತಲಿನ ಗ್ರಿಲ್ ಮೇಲೆ, ಮೈಮೇಲೆ ಮಳೆ ಕೋಟು, ಕೈಯಲ್ಲಿ ಕೊಡೆ, ಹೀಗೆ ಬೇಯುತ್ತಿತ್ತು. ಪಕ್ಕದ ಮನೆಯವರು ಮೊದಮೊದಲು ಕಿಟಕಿಯಿಂದ ಇಣುಕಿ ನೋಡುತ್ತಿದ್ದರು, ಆಮೇಲೆ ಬಟ್ಟಲು ಹಿಡಿದುಕೊಂಡು ಬರತೊಡಗಿದರು. ಇವರಿಬ್ಬರ ನಡುವೆ ಇದ್ದ ಒಪ್ಪಂದದ ಭಾಷೆ ಕನ್ನಡ. ಬೇರೆ ಕನ್ನಡದವರು ಬಂದಾಗ ಅಮ್ಮ ಬೆಂಗಳೂರಿನವರ ಹಾಗೆ 'ಬನ್ನಿ, ಕೂತ್ಕೊಳಿ' ಅನ್ನುವಳು. ಸಿಟ್ಟು ಬಂದರೆ ಮಾತ್ರ ಧಾರವಾಡವೇ ಎದ್ದು ನಿಲ್ಲುತ್ತಿತ್ತು. ಅವಳ ಮೊದಲ ಶಬ್ದ ಕೇಳಿಯೇ ನಾನೂ ಅಪ್ಪನೂ ಹವಾಮಾನ ಹೇಳಬಲ್ಲವರಾಗಿದ್ದೆವು. ನಾನಂತೂ ದಾಗಿಸ್ ಎಂಬ ಶಿಶುವಿಹಾರದ ಕಾಲದಿಂದಲೂ ಅವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದೆ. ಅದನ್ನು ತಪ್ಪಿಸಲೆಂದೇ ಅಪ್ಪ ಒಂದು ನಿಯಮ ಮಾಡಿದ್ದ. ಶನಿವಾರ, ಒಗೆಯುವ ಕೋಣೆಯೊಳಗೆ, ಒಂದೇ ಒಂದು ಸ್ವೀಡಿಷ್ ಮಾತು ಬಂದರೂ ನಾನು ಮೇಲೆ ಹೋಗಬೇಕು. ಈಗ ನಾನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಬಲ್ಲೆನಾದರೆ ಅದರಲ್ಲಿ ಮುಕ್ಕಾಲು ಭಾಗ ಕಲಿತದ್ದು ವಾಷಿಂಗ್ ಮಶೀನಿನ ಪಕ್ಕದಲ್ಲಿ.

ಸೀಸ ನಮ್ಮ ಮನೆಗೆ ಬಂದದ್ದು ಬೆರ್ಟಿಲ್ ತಾತನಿಂದ. ಅವನು ಅಪ್ಪ ಸೇರಿದ್ದ ಗುರಿಗಾರರ ಕ್ಲಬ್ಬಿನ ಅಧ್ಯಕ್ಷ. ಎಲ್ಲರಂತೆ ನಾನೂ ಬರೀ ಬೆರ್ಟಿಲ್ ಅನ್ನುತ್ತಿದ್ದೆ, ಅಮ್ಮ ಗದರಿಸಿ ತಾತ ಸೇರಿಸಿದಳು, ಅವನಿಗೆ ಅದು ಎಷ್ಟು ಇಷ್ಟವಾಯಿತೆಂದರೆ ಕ್ಲಬ್ಬಿನಲ್ಲಿ ತಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟೆಯನ್ನು ಎಸೆಯಬೇಕಾಗಿಲ್ಲ, ಅದಕ್ಕೆ ಹೊಸ ಮದ್ದು ತುಂಬಿ ಬಾಯಿಗೆ ಹೊಸ ಗುಂಡು ಕೂರಿಸಿದರೆ ಮತ್ತೆ ಮತ್ತೆ ಬಳಸಬಹುದು ಎಂದು ಅಪ್ಪನಿಗೆ ಕಲಿಸಿದವನು ಅವನೇ. ಆ ಗುಂಡನ್ನು ಅಂಗಡಿಯಿಂದ ತರಬಹುದು, ತಾಮ್ರದ ಹೊದಿಕೆಯದು, ಒಂದರಂತೆ ಇನ್ನೊಂದು. ಇಲ್ಲವೇ ಸೀಸ ಕರಗಿಸಿ ಅಚ್ಚಿನಲ್ಲಿ ನೀವೇ ಎರೆದುಕೊಳ್ಳಬಹುದು. ಇಷ್ಟು ಹೇಳಿದ್ದೇ ತಡ, ಅಪ್ಪನ ಕಣ್ಣು ಅರಳಿತಂತೆ. ಊರಿನಲ್ಲಿ ಅವನ ಅಪ್ಪ ಹಳೆಯ ಕೋವಿಗೆ ತಾನೇ ಗುಂಡು ಎರೆಯುತ್ತಿದ್ದರು, ಆದರೆ ಹಾಸ್ಟೆಲಿಗೆ ಹೋಗಿದ್ದ ಅಪ್ಪನಿಗೆ ಒಮ್ಮೆಯೂ ಹತ್ತಿರ ನಿಂತು ನೋಡುವ ಭಾಗ್ಯ ಸಿಕ್ಕಿರಲಿಲ್ಲ. ಅದೇ ವಾರ ಅಮ್ಮ ಲ್ಯಾಬಿಗೆ ಹೋದಾಗ ಅವನು ಅವಳ ದಪ್ಪ ಕಬ್ಬಿಣದ ಬಾಣಲೆಯಲ್ಲಿ, ಅವಳ ಒಲೆಯ ಮೇಲೆ, ಮುರಿದ ಹಾಯಿದೋಣಿಯೊಂದರ ಅಡಿಯಿಂದ ತಂದ ಸೀಸದ ಗಟ್ಟಿ ಇಟ್ಟು ಕರಗಿಸಿದ. ಅಮ್ಮ ಬೇಗ ಬಂದುಬಿಟ್ಟಳು.

"ಏನ್ರೀ ಇದು? ನಮ್ಮವ್ವ ಕೊಟ್ಟ ಬಾಣಲಿ! ಅದರಾಗ ಏನ್ ಮಾಡ್ಲಿಕ್ಕತ್ತೀರಿ?"

"ಸೀಸ, ಶೈಲಾ. ಸ್ವಲ್ಪವೇ."

"ಸ್ವಲ್ಪವೇ ಅಂತ! ನಾಳೆ ಇದರಾಗ ಒಗ್ಗರಣಿ ಹಾಕಿ ನಿಮಗ ಬಡಸ್ಲೇನು? ಸ್ವಲ್ಪವೇ ತಿನ್ರಿ!"

ಬಾಣಲೆ ಅಂದೇ ಅಡುಗೆಮನೆಯಿಂದ ಗಡೀಪಾರಾಯಿತು. ಸೀಸ ಕುಡಿದ ಬಾಣಲೆ ಎಂದು ಅದಕ್ಕೆ ಹೆಸರು ಬಿತ್ತು. ಅಪ್ಪ ಅದನ್ನೆತ್ತಿಕೊಂಡು ಒಗೆಯುವ ಕೋಣೆಗೆ ಇಳಿದ, ಕಿಟಕಿಗೆ ಫ್ಯಾನು ಕೂರಿಸಿದ, ಕರೆಂಟಿನ ಒಲೆ ಇಟ್ಟ. ಅಮ್ಮ ಹಿಂದೆಯೇ ಬಂದು ನೆಲದ ಮೇಲೆ ಹಳದಿ ಟೇಪಿನ ಗೆರೆ ಎಳೆದಳು. ಗೆರೆಯ ಆಚೆ ಸೀಸ ಮತ್ತು ಅಪ್ಪ. ಈಚೆ, ಬಾಗಿಲ ಬಳಿ, ಮಗುಚಿಟ್ಟ ಬಕೆಟ್ಟಿನ ಮೇಲೆ ನಾನು, ಕೈಗೆ ರಬ್ಬರ್ ಗ್ಲೌಸು. ಅಲ್ಲಿಂದ ಮುಂದೆ ನಮ್ಮ ಊಟದ ಮೇಜಿನಲ್ಲಿ ವಾರಕ್ಕೆ ಎರಡು ಸಲವಾದರೂ ಅದೇ ಜಗಳ, ಅದೂ ಹೊಟ್ಟೆ ತುಂಬ ಉಂಡುಕೊಂಡು, ಒಬ್ಬರ ತಟ್ಟೆಗೆ ಇನ್ನೊಬ್ಬರು ಬಡಿಸುತ್ತ. ಅಂಗಡಿಯ ಗುಂಡಿನಲ್ಲಿ ಎಂತ ಇದೆ, ಅದು ಯಾರದೋ ಮಶೀನು ಮಾಡಿದ್ದು, ಹೊಡೆದರೂ ಹೊಡೆದಂತಾಗುವುದಿಲ್ಲ ಎಂದು ಅಪ್ಪ. ಅಂಗಿ ಹೊಲಿಯಲು ಬರುತ್ತದೆಂದು ನಾನು ಹತ್ತಿ ಬೆಳೆಯುತ್ತೇನೆಯೇ ಎಂದು ಅಮ್ಮ. ಅವಳ ಮಾತು ಖಡಕ್ಕಾಗಿತ್ತು. ಲ್ಯಾಬಿನವಳಿಗೆ ನೂರು ಗುಂಡು ಇದ್ದರೆ ನೂರೂ ಒಂದೇ ತೂಕ ಇರಬೇಕು. ಅಪ್ಪನ ನೂರರಲ್ಲಿ ಒಂದು ಬೊಜ್ಜಿನದು, ಒಂದು ಬಡಕಲು, ಒಂದರ ಕಾಲು ಸೊಟ್ಟ. ಅಪ್ಪ ಆ ಸೊಟ್ಟ ಗುಂಡುಗಳನ್ನು ಬಾಣಲೆಗೆ ಮತ್ತೆ ಹಾಕುವಾಗ 'ಹೋಗಿ ಬಾರಪ್ಪಾ, ಸರಿಯಾಗಿ ಹುಟ್ಟಿ ಬಾ' ಅನ್ನುತ್ತಿದ್ದ. ನಾನು ನಗುತ್ತಿದ್ದೆ. ವಾರವಿಡೀ ಕಾರು ಕಂಪನಿಯ ಕೆಲಸದ ಹಿಂದೆ ಓಡುತ್ತ ಮನೆಗೆ ಬಂದು ಫೋನಿನಲ್ಲೇ ಮುಳುಗಿರುತ್ತಿದ್ದ ಅಪ್ಪ ಶನಿವಾರ ಪೂರ್ತಿ ನನ್ನವನು. ಅವನ ಊರಿನ ನಾಯಿಗಳ ಹೆಸರು, ಹಾಸ್ಟೆಲಿನಲ್ಲಿ ಕದ್ದು ತಿಂದ ಉಪ್ಪಿನಕಾಯಿ, ಅಮ್ಮನನ್ನು ಮೊದಲು ನೋಡಿದಾಗ ಅವಳು ಇವನನ್ನು ಪ್ಯೂನ್ ಎಂದುಕೊಂಡದ್ದು, ಎಲ್ಲ ನನಗೆ ಗೊತ್ತಾದದ್ದು ಆ ಬಕೆಟ್ಟಿನ ಮೇಲೆ ಕೂತು.

ನನ್ನ ಕೆಲಸ ಆರಿಸುವುದು. ಸ್ವೀಡನ್ನಿನಲ್ಲಿ ವರ್ಷಕ್ಕೆ ಎರಡು ಸಲ ಊರಿಗೆ ಊರೇ ಕಾರಿನ ಟೈರು ಬದಲಿಸುತ್ತದೆ, ಚಳಿಗಾಲಕ್ಕೊಂದು ಜೊತೆ, ಬೇಸಿಗೆಗೊಂದು ಜೊತೆ. ಆಗ ಚಕ್ರದ ಅಂಚಿಗೆ ಸಮತೂಕಕ್ಕೆಂದು ಸಿಕ್ಕಿಸಿರುವ ಬೆರಳುದ್ದದ ತುಂಡುಗಳನ್ನು ಕಿತ್ತು ಹಾಕುತ್ತಾರೆ. ಟೈರಿನ ಅಂಗಡಿಯವನು ಅವನ್ನು ಬಕೆಟ್ಟುಗಟ್ಟಲೆ ಅಪ್ಪನಿಗೆ ಕೊಡುತ್ತಿದ್ದ. ಮೊದಲೆಲ್ಲ ಅವು ಸೀಸದವೇ. ಆದರೆ ಆ ಹೊತ್ತಿಗೆ ಸೀಸ ಬೇಡವೆಂದು ಸತುವಿನ ತುಂಡುಗಳು ಬರತೊಡಗಿದ್ದವು, ನೋಡಲು ಎರಡೂ ಬೂದು, ಎರಡೂ ಒಂದೇ ಆಕಾರ. ಒಂದೆರಡು ಸತುವಿನ ತುಂಡು ಬಾಣಲೆಗೆ ಬಿದ್ದರೂ ಅಷ್ಟೂ ಸೀಸ ಕೆಟ್ಟೀತು, ಹಾಲಿಗೆ ಹುಳಿ ಬಿದ್ದಂತೆ. ಅದಕ್ಕೇ ಪ್ರತಿಯೊಂದನ್ನೂ ಇಕ್ಕುಳದಿಂದ ಕಚ್ಚಿಸಿ ನೋಡಬೇಕು. ಕಚ್ಚಿದ ಗುರುತು ಆಳವಾಗಿ ಮೂಡಿದರೆ ಸೀಸ, ಇಕ್ಕುಳ ಜಾರಿದರೆ ಸತು. ನಾನು ಒಂದು ಬೇಸಿಗೆ ಪೂರ್ತಿ ಕಚ್ಚಿಸಿದೆ. ಆಮೇಲೆ ನನಗೆ ಬೇಜಾರು ಬಂತು, ಜೊತೆಗೆ ಜಂಬವೂ.

"ಇಕ್ಕುಳ ಬೇಡ ಅಪ್ಪ. ನಂಗೆ ಕೈಗೇ ಗೊತ್ತಾಗತ್ತೆ."

"ಕೈಗೆ ಎಂತ ಗೊತ್ತಾಗೋದು ಮಾರಾಯ್ತಿ, ನಿನ್ನ ಕೈಗೆ ಗ್ಲೌಸು!"

"ಗ್ಲೌಸಲ್ಲೂ ಗೊತ್ತಾಗತ್ತೆ. ಪರೀಕ್ಷೆ ಮಾಡು ಬೇಕಾದ್ರೆ."

ಅಪ್ಪ ಹತ್ತು ತುಂಡು ಕೊಟ್ಟು ಪರೀಕ್ಷೆ ಮಾಡಿದ. ಹತ್ತಕ್ಕೆ ಹತ್ತು ಸರಿ ಹೇಳಿದೆ. ಹೇಗೋ ಏನೋ. ಅಪ್ಪ ಮಹಡಿಗೆ ಓಡಿ ಅಮ್ಮನಿಗೆ ಹೇಳಿದ, ನಮ್ಮ ದೇಚು ಕೈಯಲ್ಲೇ ಲೋಹ ಗುರುತಿಸುತ್ತಾಳೆ ಎಂದು. ಅಮ್ಮ ರೊಟ್ಟಿ ತಟ್ಟುತ್ತಲೇ ಇದ್ದಳು. ಆದರೂ ಇಕ್ಕುಳ ಬಿಡಬೇಡ ಎಂದ ಅಪ್ಪ, ನಾನು ಹೂಂ ಅಂದೆ, ಅಷ್ಟೇ.

ಅದೇ ಆಗಸ್ಟಿನಲ್ಲಿ ಅಮ್ಮ ಬಣ್ಣದ ಅಂಗಡಿಯಿಂದ ಹತ್ತಿ ಸುತ್ತಿದ ಒಂದು ಕಡ್ಡಿ ತಂದಳು, ಸೀಸ ತಾಗಿದರೆ ಕೆಂಪಾಗುವಂಥದು. ವಾಷಿಂಗ್ ಮಶೀನಿನ ಮುಚ್ಚಳದ ಮೇಲೆ ಅದನ್ನು ಉಜ್ಜಿದಳು. ಕಡ್ಡಿ ಕೆಂಪಗಾಯಿತು. ಹಳದಿ ಗೆರೆಯ ಈಚೆಗಿದ್ದ ಮಶೀನು ಅದು, ನನ್ನ ಶಾಲೆಯ ಅಂಗಿ ಒಗೆಯುವ ಮಶೀನು. ಅಂದು ಅಮ್ಮ ಕೂಗಾಡಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಹೋಗಿ ರಕ್ತ ತೆಗೆಸಿದಳು. ಫಲಿತಾಂಶ ಬರುವ ತನಕ ಅವಳು ಸರಿಯಾಗಿ ಉಣ್ಣಲಿಲ್ಲ, ಅಪ್ಪ ಒಲೆಯ ಪ್ಲಗ್ ಕಿತ್ತು ಸುಮ್ಮನೆ ಓಡಾಡಿದ. ನನ್ನ ರಕ್ತದಲ್ಲಿ ಏನೂ ತೊಂದರೆ ಇಲ್ಲವೆಂದು ಪತ್ರ ಬಂದಾಗ ಅಮ್ಮ ಮೇಜಿಗೆ ತಲೆಯಿಟ್ಟು ಅತ್ತಳು. ಆಮೇಲೆ ಮುಖ ತೊಳೆದು ಬಂದು ತೀರ್ಪು ಹೇಳಿದಳು.

"ಒಗಿಯೋ ಕೋಣ್ಯಾಗ ಇನ್ನ ಸೀಸ ಇಲ್ಲ. ಇದರಾಗ ಮಾತಿಲ್ಲ. ಇನ್ನ ಮ್ಯಾಲೆ ಅಂಗಡಿ ಗುಂಡು ತರ್ರಿ."

"ಹಿತ್ತಲಲ್ಲಿ ಒಂದು ಶೆಡ್ ಹಾಕ್ತೀನಿ ಶೈಲಾ. ಎಲ್ಲ ಅಲ್ಲೇ. ನಿನಗೆ ಬೇಕಾದ್ರೆ ನಾಲ್ಕು ಹಳದಿ ಗೆರೆ ಎಳಿ."

ಒಬ್ಬರೂ ಸೋಲುವವರಲ್ಲ. ಕೊನೆಗೆ ಅಪ್ಪನೇ ದಾರಿ ಹುಡುಕಿದ. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ, ಕೊಡವರು ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಹಬ್ಬ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಅದು ಬೆರ್ಟಿಲ್ ತಾತನ ಕ್ಲಬ್ಬಿನ ಮೈದಾನದಲ್ಲಿ ನಡೆಯುತ್ತಿತ್ತು. ಕಾಗದದ ಗುರಿಯ ಜಾಗದಲ್ಲಿ ತೆಂಗಿನಕಾಯಿ ಕಟ್ಟಬಹುದೇ ಎಂದು ಮೊದಲ ವರ್ಷ ಕ್ಲಬ್ಬಿನವರು ಮೂರು ಸಭೆ ಸೇರಿ, ಮೂರು ಸಲ ಕಾಫಿ ಕುಡಿದು, ಚಿಪ್ಪು ಹೆಕ್ಕುವ ಜವಾಬ್ದಾರಿ ನಮ್ಮದು ಎಂದು ಬರೆಸಿಕೊಂಡು ಒಪ್ಪಿದ್ದರು. ಈ ಸಲ ಅಪ್ಪ ತಾನು ಎರೆದ ಗುಂಡಿನಿಂದ ಮೂರು ಸಲ ಹೊಡೆಯುವುದು, ಅಮ್ಮ ಅಂಗಡಿಯ ಗುಂಡಿನಿಂದ ಮೂರು ಸಲ. ಕೋವಿ ಒಂದೇ. ಅಪ್ಪ ಗೆದ್ದರೆ ಶೆಡ್, ಅಮ್ಮ ಗೆದ್ದರೆ ಎರೆಯುವುದು ಬಂದ್. ಅಮ್ಮ ಕೋವಿ ಹಿಡಿಯುವುದೇ ಎಂದು ನೀವು ಕೇಳಬಹುದು. ಕ್ಲಬ್ಬಿಗೆ ಕಾಫಿ ಕುಡಿಯಲು ಬರುತ್ತಿದ್ದವಳ ಕೈಗೆ ಬೆರ್ಟಿಲ್ ತಾತ ಒಮ್ಮೆ ಕೋವಿ ಕೊಟ್ಟಿದ್ದ. ದಿನವಿಡೀ ಗಾಜಿನ ನಳಿಗೆಯಲ್ಲಿ ಹನಿ ಎಣಿಸುವ ಕೈ ಅದು, ಅಲುಗಾಡುತ್ತಲೇ ಇರಲಿಲ್ಲ. ಕಾಗದಕ್ಕೆ ಮತ್ತು ಕಾಯಿಗೆ ಮಾತ್ರ ಹೊಡೆಯುತ್ತೇನೆ, ಜೀವ ಇರುವುದಕ್ಕಲ್ಲ ಎಂದು ಷರತ್ತು ಹಾಕಿ ಅವಳು ಹೊಡೆಯತೊಡಗಿದ್ದಳು.

ನನಗೆ ಮಾತ್ರ ಆ ಪಂದ್ಯ ಆಟವಾಗಿರಲಿಲ್ಲ. ಅಂಗಡಿಯಿಂದ ಗುಂಡು ಬಂದರೆ ಆರಿಸುವವಳು ಯಾಕೆ? ಬಕೆಟ್ಟು ಯಾಕೆ, ಶನಿವಾರ ಯಾಕೆ? ಅಪ್ಪ ಗೆಲ್ಲಲೇಬೇಕು. ಶಾಲೆಯಲ್ಲಿ ಪಾಠ ಕೇಳುತ್ತ ಕೂತಾಗಲೂ ನಾನು ಅದನ್ನೇ ಯೋಚಿಸುತ್ತಿದ್ದೆ. ಹಬ್ಬಕ್ಕೆ ಎರಡು ವಾರ ಇರುವಾಗ ಅಪ್ಪ ಹಿತ್ತಲಿನಲ್ಲಿ ಗ್ಯಾಸಿನ ಒಲೆ ಹೂಡಿದ. ಕ್ಲಬ್ಬಿನಲ್ಲಿ ತನಗೆ ಇಡೀ ವರ್ಷಕ್ಕಾಗುವಷ್ಟು ಒಮ್ಮೆಗೇ ಎರೆದುಬಿಡುವುದು ಅವನ ಯೋಚನೆ. ಕಾದ ಸೀಸಕ್ಕೆ ನೀರಿನ ಹನಿ ಬಿದ್ದರೆ ಸಿಡಿಯುತ್ತದೆ, ಅದು ನನಗೂ ಗೊತ್ತು. ಗೋಥೆನ್‌ಬರ್ಗಿನ ಆಕಾಶವೋ, ನಂಬುವ ಹಾಗೇ ಇಲ್ಲ. ಅರ್ಧ ಬಕೆಟ್ಟು ಆರಿಸುವಷ್ಟರಲ್ಲಿ ಸಮುದ್ರದ ಕಡೆಯಿಂದ ಮೋಡ ಕವಿಯಿತು.

"ಬೇಗ ದೇಚು, ಬೇಗ! ಮಳೆ ಬರೋದ್ರೊಳಗೆ ಎರೀಬೇಕು!"

ನಾನು ಇಕ್ಕುಳ ಪಕ್ಕಕ್ಕಿಟ್ಟೆ. ಕೈಗೇ ಗೊತ್ತಾಗುತ್ತದಲ್ಲ. ಇದು ಸೀಸ, ಇದು ಸೀಸ, ಇದು ಸತು, ಇದು ಸೀಸ, ಎರಡೂ ಕೈಯಲ್ಲಿ ಎತ್ತಿ ಎತ್ತಿ ಡಬ್ಬಿಗೆ ಹಾಕಿ ಕೊಟ್ಟೆ. ಅಪ್ಪ ಬಾಣಲೆಗೆ ಸುರಿದ. ಅವನು ಒಲೆಯ ಮೇಲೆ ಮರೆ ಕಟ್ಟಲು ತಾಡಪಾಲು ತರಲೆಂದು ಆಚೆ ತಿರುಗಿದ. ಆಗ ನಾನು ದೂರದಿಂದಲೇ ಕುತ್ತಿಗೆ ಉದ್ದ ಮಾಡಿ ನೋಡಿದೆ. ಎಲ್ಲ ಕರಗಿ ಹೊಳೆಯುತ್ತಿದ್ದ ಸೀಸದ ಮೇಲೆ ಮೂರು ತುಂಡುಗಳು ಕರಗದೆ ತೇಲುತ್ತಿದ್ದವು. ಸತು ಹಗುರ, ತೇಲುತ್ತದೆ, ತಡವಾಗಿ ಕರಗುತ್ತದೆ. ಅಪ್ಪನೇ ಹೇಳಿಕೊಟ್ಟದ್ದು. 'ಅಪ್ಪಾ' ಎಂದು ಒಂದು ಕೂಗು ಹಾಕಿದ್ದರೆ ಚಮಚದಲ್ಲಿ ತೆಗೆದು ಎಸೆಯಬಹುದಿತ್ತು. ನಾನು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಹತ್ತಕ್ಕೆ ಹತ್ತು ಹೇಳಿದ್ದ ಹುಡುಗಿ ನಾನು. ಅಪ್ಪ ಬಂದು, ಮಳೆಯ ಭಯಕ್ಕೆ ಉರಿ ಇನ್ನೂ ಜೋರು ಮಾಡಿ, ಮೋಡ ನೋಡುತ್ತಲೇ ಕದಡಿದ. ಮೂರೂ ಕರಗಿ ಸೀಸದಲ್ಲಿ ಸೇರಿ ಹೋದವು.

ಅಚ್ಚಿನಿಂದ ಬಿದ್ದ ಗುಂಡುಗಳ ಮೈ ತುಂಬ ಸುಕ್ಕು. ಅಪ್ಪ ಒಂದನ್ನು ಬೆಳಕಿಗೆ ಹಿಡಿದು, ಹೊರಗಿನ ಗಾಳಿಗೆ ಅಚ್ಚು ತಣ್ಣಗಾಗಿರಬೇಕು, ಪರವಾಗಿಲ್ಲ ಎಂದ. ಅವನಿಗೂ ಈ ವಿದ್ಯೆ ಎರಡು ವರ್ಷದ್ದಷ್ಟೇ. ಮುಂದಿನ ಸಂಜೆಗಳಲ್ಲಿ ಅವನು ಅವುಗಳನ್ನೇ ಒಂದೊಂದಾಗಿ ತೋಟೆಗೆ ಕೂರಿಸಿದ, ಇನ್ನೂರಕ್ಕೂ ಹೆಚ್ಚು, ಹಾಡು ಗುನುಗುತ್ತ. ನಾನು ಪ್ರತಿ ದಿನವೂ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವನ ಗುನುಗು ಕೇಳಿದ ಕೂಡಲೇ ಬೇರೇನೋ ಮಾತು ತೆಗೆಯುತ್ತಿದ್ದೆ. ಅಮ್ಮ ಎರಡು ಸಲ ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯೇ ಎಂದು.

ಕೈಲ್ ಮುಹೂರ್ತದ ಬೆಳಿಗ್ಗೆ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬೀರುವಿನ ಮುಂದೆ ಪೂಜೆ. ಊರಿನಲ್ಲಿ ಕೋವಿಗೆ ಏರಿಸುವ ತೋಕ್ ಪೂ ಇಲ್ಲಿ ಎಲ್ಲಿಂದ ಬರಬೇಕು, ಗುಡ್ಡದ ಬಂಡೆಗಳ ನಡುವೆ ಬೆಳೆಯುವ ನೇರಳೆ ಬಣ್ಣದ ಯಾವುದೋ ಹೂವನ್ನು ಅಮ್ಮ ಕಿತ್ತು ತಂದಿದ್ದಳು. ಊದಿನಕಡ್ಡಿಗೆ ಹೊಗೆಯ ಅಲಾರಂ ಕೂಗಿತು, ಅಪ್ಪ ಕುರ್ಚಿ ಹತ್ತಿ ಟವೆಲ್ಲಿನಿಂದ ಬೀಸಿದ, ಅದೂ ಪ್ರತಿ ವರ್ಷದ ಪೂಜೆಯ ಭಾಗವೇ ಆಗಿತ್ತು. ಮಧ್ಯಾಹ್ನ ಮೈದಾನಕ್ಕೆ ನಾಲ್ಕು ಕನ್ನಡ ಮನೆಗಳವರು ಬಂದರು, ಚಿತ್ರಾನ್ನದ ಡಬ್ಬಿ, ದಾಲ್ಚಿನ್ನಿ ಬನ್ನು, ಫ್ಲಾಸ್ಕಿನ ಕಾಫಿ. ಯಾವ ಗುಂಡು ಗೆಲ್ಲುತ್ತದೆ ಎಂದು ಗಂಡಸರು ಅಪ್ಪನ ಕಡೆ, ಹೆಂಗಸರು ಅಮ್ಮನ ಕಡೆ ಆಗಿ ಗಲಾಟೆ ಎಬ್ಬಿಸಿದರು. ಬೆರ್ಟಿಲ್ ತಾತ ಎಲ್ಲರ ಕಿವಿಗೂ ಕಿವಿಗಾಪು ಹಾಕಿಸಿ, ಮಕ್ಕಳನ್ನು ಹಗ್ಗದ ಹಿಂದೆ ನಿಲ್ಲಿಸಿ, ಕೆಂಪು ಬಾವುಟ ಏರಿಸಿದ.

ಅಪ್ಪ ಮೊದಲು. ಅವನು ಮೀಸೆ ತಿರುವಿ ನನ್ನ ಕಡೆ ಕಣ್ಣು ಹೊಡೆದ. ಮೊದಲ ಗುಂಡು ಹಿಂದಿನ ಮಣ್ಣಿಗೆ ಹೋಯಿತು. ಎರಡನೆಯದು ಕಾಯಿ ಕಟ್ಟಿದ ಕಂಬದ ಸಿಪ್ಪೆ ಎಬ್ಬಿಸಿತು. ಮೂರನೆಯದು ಎಲ್ಲಿಗೆ ಹೋಯಿತೋ ಯಾರಿಗೂ ಕಾಣಲಿಲ್ಲ. ಅಮ್ಮ ಬಂದು ಸೀರೆಯ ಮೇಲೆ ಹಾಕಿದ್ದ ಜಾಕೆಟ್ಟಿನ ತೋಳು ಮಡಚಿ, ಒಂದು ತಪ್ಪಿ, ಎರಡನೆಯದಕ್ಕೆ ಕಾಯಿಯನ್ನು ಚೂರು ಚೂರು ಮಾಡಿದಳು. ಹೆಂಗಸರೆಲ್ಲ ಕೂಗಿ ಕುಣಿದರು. ಅಪ್ಪನೂ ಚಪ್ಪಾಳೆ ತಟ್ಟಿದ. ಆಮೇಲೆ ಖಾಲಿ ತೋಟೆ ಹೆಕ್ಕಲು ಬಗ್ಗಿದ, ಬಗ್ಗಿದವನು ಏಳಲೇ ಇಲ್ಲ, ಮೂರು ತೋಟೆ ಹೆಕ್ಕಲು ಅಷ್ಟು ಹೊತ್ತು ಬೇಕೇ? ನನ್ನ ಕೈಲಾಗಲಿಲ್ಲ. ಹಗ್ಗದ ಹಿಂದಿನಿಂದಲೇ ಕಿರುಚಿದೆ, ಅದೂ ಕನ್ನಡದಲ್ಲಿ. ತಮ್ಮೆದುರು ಎಂದೂ ಕನ್ನಡ ಆಡದ ನನ್ನನ್ನು ಮೂಗಿ ಎಂದೇ ತಿಳಿದಿದ್ದ ಆಂಟಿಯರೆಲ್ಲ ತಿರುಗಿ ನೋಡಿದರು.

"ಅಪ್ಪಾ, ನಾನೇ ಸತು ಹಾಕ್ದೆ! ಇಕ್ಕುಳದಲ್ಲಿ ನೋಡ್ಲಿಲ್ಲ! ತೇಲ್ತಾ ಇದ್ದಿದ್ದು ಕಂಡ್ರೂ ಹೇಳ್ಲಿಲ್ಲ!"

ಬೆರ್ಟಿಲ್ ತಾತನಿಗೆ ಯಾರೋ ಅನುವಾದ ಮಾಡಿದರು. ಅವನು ಅಪ್ಪನ ಡಬ್ಬಿಯಿಂದ ಒಂದು ತೋಟೆ ತೆಗೆದು, ಕನ್ನಡಕ ಏರಿಸಿ, ಗುಂಡಿನ ಸುಕ್ಕು ನೋಡಿ, ಹುಡುಗಿ ಸರಿಯಾಗಿ ಹೇಳಿದ್ದಾಳೆ, ಇದು ಕೆಟ್ಟ ಸೀಸವೇ ಎಂದ. ಅಪ್ಪ ನನ್ನ ಕಡೆ ನೋಡಿದ. ಮಾತಾಡಿದವಳು ಅಮ್ಮ. ಗೆದ್ದು ನಿಂತಿದ್ದವಳು, ಸುಮ್ಮನಿದ್ದರೆ ಮನೆಯಿಂದ ಸೀಸ ತೊಲಗುತ್ತಿತ್ತು.

"ಸ್ಯಾಂಪಲ್ ಕೆಟ್ಟಿತ್ತಂದ್ರ ಫಲಿತಾಂಶ ಹಿಡಿಯಂಗಿಲ್ರಿ. ಈ ಪಂದ್ಯ ರದ್ದು. ಇನ್ನೊಂದು ಕಾಯಿ ಕಟ್ರಿ. ಈ ಸಲ ಅದಲಿ ಬದಲಿ. ಅವರ ಕೆಟ್ಟ ಗುಂಡು ನನಗ, ನನ್ನ ಚಲೋ ಗುಂಡು ಅವರಿಗೆ. ದೋಷ ಗುಂಡಿಂದೋ ಅಲ್ಲೋ ನೋಡೇಬಿಡೂಣು."

ಎರಡನೆಯ ಕಾಯಿ ಕಟ್ಟಿದರು. ಅಮ್ಮ ಅಪ್ಪನ ಸುಕ್ಕುಗಟ್ಟಿದ ಗುಂಡಿನ ತೋಟೆ ತುಂಬಿ, ಉಸಿರು ಹಿಡಿದು, ಮೊದಲ ಏಟಿಗೇ ಕಾಯಿ ಒಡೆದಳು. ಮೂರನೆಯ ಕಾಯಿ. ಅಪ್ಪ ಅಂಗಡಿಯ ತಾಮ್ರದ ಗುಂಡು ತುಂಬಿದ, ಲಕಲಕ ಹೊಳೆಯುವಂಥದು, ಒಂದರಂತೆ ಇನ್ನೊಂದು. ಮಣ್ಣು. ಮಣ್ಣು. ಮತ್ತೆ ಮಣ್ಣು. ಕಾಯಿ ಗಾಳಿಗೆ ಒಂದಿಷ್ಟು ಅಲ್ಲಾಡಿತು, ಅಷ್ಟೇ. ಮೊದಲು ನಕ್ಕವನು ಅಪ್ಪ. ಕೋವಿ ಖಾಲಿ ಮಾಡಿ ಬೆರ್ಟಿಲ್ ತಾತನ ಕೈಗೆ ಕೊಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಮೈದಾನವೇ ನಕ್ಕಿತು. ಬೆರ್ಟಿಲ್ ತಾತ ಮಾತ್ರ ಗಂಭೀರವಾಗಿ, ಗಾಳಿ ಎಡದಿಂದ ಇತ್ತು ಎಂದ.

"ಗಾಳಿ ಅಲ್ಲ ತಾತ, ಗಾಳಿ ಅಲ್ಲ," ಅಂದ ಅಪ್ಪ, ಕಣ್ಣೊರೆಸಿಕೊಳ್ಳುತ್ತ. "ಗೆದ್ದವಳು ಇವಳೇ. ಯಾವ ಗುಂಡಲ್ಲಾದ್ರೂ ಇವಳೇ ಗೆಲ್ತಿದ್ಳು. ಆಯ್ತು ಶೈಲಾ, ಎರೆಯೋದು ಬಂದ್."

ಎಲ್ಲರೂ ಬನ್ನು ತಿಂದರು. ನಾನು ನನ್ನ ಬನ್ನನ್ನು ಡಬ್ಬಿಗೇ ಮರಳಿ ಇಟ್ಟೆ. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. ಬಂದವಳೇ ನಾನು ಒಗೆಯುವ ಕೋಣೆಗೆ ಇಳಿದು ಬಕೆಟ್ಟಿನ ಮೇಲೆ ಕೂತೆ. ಅಮ್ಮ ಅದನ್ನೆಲ್ಲ ತೊಳೆದು ಒರೆಸಿ, ಹಳದಿ ಗೆರೆಯನ್ನೂ ಕಿತ್ತು ಹಾಕಿದ್ದಳು. ಸ್ವಲ್ಪ ಹೊತ್ತಿಗೆ ಅಪ್ಪ ಬಂದು ಮೆಟ್ಟಿಲ ಮೇಲೆ ಕೂತ.

"ಸತು ಬಿದ್ದಿದ್ದಕ್ಕೆ ನಂಗೆ ಸಿಟ್ಟಿಲ್ಲ ದೇಚು. ನನ್ನ ಕೈಯಿಂದಲೂ ಬಿದ್ದಿದೆ. ಆದ್ರೆ ಎರಡು ವಾರ ನಾನು ಆ ಗುಂಡು ಕೂರಿಸೋದನ್ನ ನೀನು ನೋಡ್ತಾ ಇದ್ದೆ."

"ಹ್ಞೂಂ."

"ಇವತ್ತು ಅಷ್ಟು ಜನರ ಮುಂದೆ ನಾನು ನಿಂತಾಗಲೂ ನಿನಗೆ ಗೊತ್ತಿತ್ತು. ಅದು ನೋವಾಯ್ತು ನಂಗೆ."

ಅವನು ಬೈದಿದ್ದರೆ ನಾನು ತಿರುಗಿ ಮಾತಾಡುತ್ತಿದ್ದೆ, ನನ್ನ ಸ್ವಭಾವವೇ ಹಾಗೆ. ನೋವಾಯಿತು ಎಂದದ್ದಕ್ಕೆ ಅಳು ಬಂತು. ಹೇಳಿದರೆ ನನ್ನ ಕೈಗೆ ಏನೂ ಗೊತ್ತಾಗುವುದಿಲ್ಲ ಎಂದು ನಿನಗೆ ತಿಳಿಯುತ್ತಿತ್ತು, ಆಮೇಲೆ ಶನಿವಾರ ನನ್ನನ್ನು ಕೂರಿಸಿಕೊಳ್ಳುತ್ತಿರಲಿಲ್ಲ ಎಂದೆ. ಈಗಂತೂ ಶನಿವಾರವೇ ಇಲ್ಲ ಎಂದೂ ಅಂದೆ. ಬಿಕ್ಕುತ್ತ ಬಿಕ್ಕುತ್ತ ಅರ್ಧ ಸ್ವೀಡಿಷ್‌ನಲ್ಲಿ ಅಂದೆ. ಅಪ್ಪ ನಿಯಮ ನೆನಪಿಸಲಿಲ್ಲ. ನನ್ನ ತಲೆ ಸವರಿ ಮೇಲೆ ಹೋದ. ಆ ವಾರ ಪೂರ್ತಿ ಅವನಾಗಿ ಕರೆಯದೆ ನಾನು ಹತ್ತಿರ ಹೋಗಲಿಲ್ಲ. ಅವನು ಫೋನಿನಲ್ಲಿ ಮಾತಾಡುತ್ತಿದ್ದ, ಕಾರಿನ ಕೆಲಸದ ಕಾಗದ ನೋಡುತ್ತಿದ್ದ. ಬೇರೆ ಮನೆಗಳಲ್ಲೂ ಹೀಗೇ ಇರುತ್ತದೆಯೇನೋ, ಅಪ್ಪ ಅಂದರೆ ಹೀಗೇ, ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಬೆಳಿಗ್ಗೆ ನಾನು ಹಾಸಿಗೆಯಲ್ಲೇ ಗೋಡೆ ನೋಡುತ್ತ ಮಲಗಿದ್ದೆ. ಕೆಳಗಿನಿಂದ ಕೂಗು ಬಂತು.

"ದೇಚೂ! ಎಷ್ಟು ಹೊತ್ತು ಮಲಗೋದು?"

ಇಳಿದು ಹೋದೆ. ಒಲೆ ಇಲ್ಲ, ಬಾಣಲೆ ಇಲ್ಲ. ಅಪ್ಪ ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ಉಳಿದ ತೋಟೆಗಳ ಡಬ್ಬಿಗಳು, ಒಂದು ಮರದ ದಿಮ್ಮಿ, ಟೊಳ್ಳು ತಲೆಯ ಎರಡು ಪ್ಲಾಸ್ಟಿಕ್ ಸುತ್ತಿಗೆ. ಆ ಸುತ್ತಿಗೆಯ ತಲೆಯೊಳಗೆ ತೋಟೆ ಸಿಕ್ಕಿಸಿ ದಿಮ್ಮಿಗೆ ಬಡಿದರೆ ಕೂರಿಸಿದ ಗುಂಡು ಸಡಿಲವಾಗಿ ಈಚೆ ಬರುತ್ತದೆ. ಮದ್ದನ್ನು ಬಾಟಲಿಗೆ ಸುರಿದುಕೊಳ್ಳಬಹುದು, ಹಿತ್ತಾಳೆ ಉಳಿಯುತ್ತದೆ. ಅಮ್ಮ ಬಾಗಿಲಲ್ಲಿ ನಿಂತು ನನಗೆ ಹೊಸ ಗ್ಲೌಸು ತೊಡಿಸಿದಳು, ಕಣ್ಣಿಗೆ ಕನ್ನಡಕ ಹಾಕಿದಳು.

"ಕರಗಸೋದೇನಿಲ್ಲ ಅಂದದ್ದಕ್ಕ ಬಿಟ್ಟೀನಿ. ದೇಚವ್ವ, ಮುಗಿದ ಮ್ಯಾಲೆ ಮೊಣಕೈ ತನಕಾ ತೊಳಕೋಬೇಕು."

ಅವಳು ಹೋದ ಮೇಲೆ ಅಪ್ಪ ಒಂದು ಡಬ್ಬಿ ನನ್ನ ಕಡೆ ತಳ್ಳಿದ.

"ಇನ್ನೂರು ತೋಟೆ. ಎಲ್ಲದರಲ್ಲೂ ನಿನ್ನ ಸತು. ನೀನೇ ಹಾಕಿದ್ದು, ನೀನೇ ಬಿಚ್ಚಬೇಕು. ನಾನೂ ಕೂರ್ತೀನಿ."

"ಎಲ್ಲಾನೂ?"

"ಎಲ್ಲಾನೂ. ಅಂಗಡಿ ಗುಂಡು ಕೂರಿಸೋಕೆ ಆ ಹಿತ್ತಾಳೆ ಬೇಕಲ್ಲ. ಒಂದ್ ದಿನಕ್ಕೆ ಮುಗಿಯೋ ಕೆಲಸ ಅಲ್ಲ ಇದು. ಶನಿವಾರ ಶನಿವಾರ ಕೂತು ಮಾಡ್ಬೇಕು."

ಅಷ್ಟು ಹೇಳಿ ಅವನು ಸುತ್ತಿಗೆ ಎತ್ತಿಕೊಂಡು, ಊರಿನಲ್ಲಿ ತಾನು ಸಾಕಿದ್ದ ಕಳ್ಳ ನಾಯಿಯೊಂದರ ಕತೆ ಶುರು ಮಾಡಿದ. ನಾನು ಮೊದಲ ತೋಟೆ ಸಿಕ್ಕಿಸಿದೆ, ಬಡಿದೆ, ನೋಡಿದೆ, ಮತ್ತೆ ಬಡಿದೆ. ಆದಷ್ಟು ನಿಧಾನ ಮಾಡಬೇಕೆಂದು ನಾನು ಆಗಲೇ ನಿಶ್ಚಯಿಸಿದ್ದೆ. ಕೈ ನೋಯುತ್ತದೆ ಎಂದೆ, ನೀರು ಕುಡಿದು ಬಂದೆ, ಕತೆಯ ನಡುವೆ ಬೇಕಂತಲೇ ಪ್ರಶ್ನೆ ಕೇಳಿದೆ. ಅಪ್ಪ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟ. ಅಮ್ಮ ಊಟಕ್ಕೆ ಕರೆದಾಗ ಬಿಚ್ಚಿದ ಗುಂಡುಗಳನ್ನು ಎಣಿಸಿದೆವು. ಅಷ್ಟೆಲ್ಲ ಕಳ್ಳಾಟ ಆಡಿಯೂ ನಾನು ಬಿಚ್ಚಿದ್ದು ಹನ್ನೊಂದು. ಅಪ್ಪ ಬಿಚ್ಚಿದ್ದು ಆರು.